ಹಂಚಿನ ಹಬ್ಬದ ಮುನ್ನಾದಿನ

ತಪ್ಪು ನನ್ನದೇ.
ಮೂರು ಮದುವೆ, ಒಂದು ಬೊಜ್ಜ,
ಕ್ರಿಕೆಟ್ ಟೂರ್ನಮೆಂಟಿನ ಹದಿನಾಲ್ಕು ಮುಖಗಳ ನಡುವೆ
ಅಂಚಿನ ಹಬ್ಬ ಎಂದು ಹೊಡೆಯಬೇಕಾದಲ್ಲಿ
ಹಂಚಿನ ಹಬ್ಬ ಎಂದು ಹೊಡೆದೆ.
ಹನ್ನೆರಡಡಿಯ ಫ್ಲೆಕ್ಸ್, ಮೊಳದುದ್ದದ ಅಕ್ಷರ,
ಶಾಯಿ ಒಣಗುವಾಗಲೂ ಯಾರಿಗೂ ಕಾಣಲಿಲ್ಲ.
ಕಂಡದ್ದು ಲೀಲಾಧರ ಮಾಸ್ಟ್ರಿಗೆ,
ಅದೂ ಕಾರ್ಖಾನೆಯ ಗೇಟಿಗೆ ಹಗ್ಗ ಬಿಗಿದು
ಏಣಿ ಇಳಿದ ಮೇಲೆ.

'ದೊಡ್ಡ ವೇದಿಕೆ ಉಡುಪಿಯವರಿಗೆ ಇರಲಿ ಮಾರಾಯ್ತಿ,
ಉದ್ಯಾವರದ ನಾವು ಅಂಚಿನವರು, ಅಂತ
ಎಷ್ಟು ಯೋಚಿಸಿ ಇಟ್ಟ ಹೆಸರು!'
ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.
ಅದಕ್ಕೇ ಬಂದೆ, ಅಂಗಡಿಗೆ ಅರ್ಧ ಶಟರ್ ಎಳೆದು,
ಬಿಳಿ ಸ್ಟಿಕ್ಕರಿನ ಮೇಲೆ ಕಪ್ಪಗೆ
ಒಂದು 'ಅ' ಕತ್ತರಿಸಿಕೊಂಡು.

ಬಂದವಳ ಕೈಗೆ ಮೊದಲು ಕೊಟ್ಟದ್ದು ಹಿಡಿಸೂಡಿ.
ಇಪ್ಪತ್ತೆರಡು ವರ್ಷದಿಂದ ಬೆಂಕಿ ಕಾಣದ ಭಟ್ಟಿಗಳು,
ಚಿಮಣಿಯಲ್ಲಿ ಬಾವಲಿ, ನೆಲದಲ್ಲಿ ಆವೆಮಣ್ಣಿನ ಧೂಳು,
ಸೀನಿದರೆ ಸೀನೂ ಕೆಂಪು.
ಕಲಾವಿದರ ಕೋಣೆ ಎಂದು ಗುರುತಿಸಿದ್ದ ಮೂರನೇ ಭಟ್ಟಿಯಲ್ಲಿ
ನಿನ್ನೆ ರಾತ್ರಿ ನಾಯಿ ಐದು ಮರಿ ಹಾಕಿದೆ.
ಹಾಗಾಗಿ ಕಲಾವಿದರು ನಾಲ್ಕನೆಯದಕ್ಕೆ.
ಬಲ್ಬುಗಳು ಇದಿನಬ್ಬನ ಗುಜರಿಯಿಂದ, ವಾಪಸ್ ಕೊಡುವ ಮಾತಿನ ಮೇಲೆ.
ಕರೆಂಟು ಹಿಲ್ಡಾ ಬಾಯಿಯ ಪಂಪಿನ ಶೆಡ್ಡಿನಿಂದ:
'ಏಳೂವರೆಗೆ ನನ್ನ ಟಾಂಕಿ ತುಂಬಬೇಕು,
ಆಗ ನಿಮ್ಮ ನಾಟಕ ಕತ್ತಲೆಯಲ್ಲಿ ಮಾಡಿಕೊಳ್ಳಿ.'
ಕುರ್ಚಿ ನೂರು ಬೇಕು.
ಇಗರ್ಜಿಯ ಸಭಾಭವನದ್ದು ನೀಲಿ, ಅರುವತ್ತು.
ಮಹಿಳಾ ಮಂಡಲದ್ದು ಕೆಂಪು, ಇಪ್ಪತ್ತೊಂಬತ್ತು,
ಅದರಲ್ಲೊಂದರ ಕಾಲು ನಂಬುವಂತಿಲ್ಲ.
ಹನ್ನೊಂದು ಕಡಿಮೆ.

ತಾಲೀಮು ಎಲ್ಲ ಮೂಲೆಗಳಲ್ಲೂ ಒಟ್ಟಿಗೆ.
ಸೊಸೈಟಿ ಬ್ಯಾಂಕಿನ ಪ್ರಫುಲ್ಲಚಂದ್ರ
ನೋಟು ಎಣಿಸುವ ಬೆರಳುಗಳಲ್ಲೇ
ಗೋಡೆಯ ಮೇಲೆ ಏಡಿ ಓಡಿಸುತ್ತಾನೆ.
ಮೀನಿನ ಯೂನಿಟ್ಟಿನ ಮೂವರು ಹುಡುಗಿಯರ
ಹನ್ನೆರಡು ನಿಮಿಷದ ನಾಟಕ
ಹದಿನೆಂಟಕ್ಕಿಂತ ಕೆಳಗೆ ಇಳಿಯುತ್ತಿಲ್ಲ;
ಸಾಯುವ ಪಾತ್ರದವಳು ಬೇಗ ಸಾಯಲು ಒಪ್ಪುವುದಿಲ್ಲ.
ಯಾರೋ ಫ್ರಿಜ್ಜಿನ ಪೆಟ್ಟಿಗೆಗೆ ಕಿಟಕಿ ಕೊರೆಯುತ್ತಿದ್ದಾರೆ.
ಎಂತಕ್ಕೆ ಎಂದರೆ, 'ನಾಳೆ ನೋಡಿ.'

ನಾಲ್ಕು ಗಂಟೆಗೆ ಗೇಟಿನಲ್ಲಿ ಅಪ್ಪಿಯಕ್ಕ.
ಹತ್ತೊಂಬತ್ತು ವರ್ಷ ಇಲ್ಲಿ ಹಂಚು ಹೊತ್ತವರು.
ಒಳಗೆ ಬಂದು ನಮ್ಮನ್ನು ನೋಡಲಿಲ್ಲ,
ಮಾಡು ನೋಡಿದರು, ಗೋಡೆಯ ಒಂದು ಮೊಳೆ ನೋಡಿದರು,
'ನನ್ನ ಬುತ್ತಿ ಇಲ್ಲಿ ತೂಗುತ್ತಿತ್ತು.'
ಲೆಕ್ಕ ಹೇಗೆ ಇಡುತ್ತಿದ್ದಿರಿ ಎಂದು ಮಾಸ್ಟ್ರು ಕೇಳಿದ್ದೇ ತಡ,
ಸೊಂಟಕ್ಕೆ ಸೆರಗು ಸಿಕ್ಕಿಸಿ
ಇಲ್ಲದ ಹೊರೆಗೆ ಕುತ್ತಿಗೆ ಕೊಟ್ಟು:
ಒಂಜಿ, ರಡ್ಡ್, ಮೂಜಿ, ನಾಲ್, ಐನ್,
ಐದಕ್ಕೆ ಒಂದು ಉಸಿರು,
ಹತ್ತಕ್ಕೆ ಹಿಮ್ಮಡಿ ನೆಲಕ್ಕೆ.
ಏಡಿ ಗೋಡೆಯ ಮೇಲೆ ನಿಂತಿತು.
ಸಾಯಬೇಕಾದವಳು ಎದ್ದು ಕೂತಳು.

'ನಾಳೆ ಇದನ್ನೇ ಮಾಡಿ ಅಪ್ಪಿಯಕ್ಕ, ನೂರರವರೆಗೆ.'
'ಮಜೂರಿ ಎಷ್ಟು?'
ಖಜಾಂಚಿ ಬಿಸ್ಕತ್ತಿನ ಡಬ್ಬ ಅಲ್ಲಾಡಿಸಿದ.
ಅದರ ಸದ್ದು ಅವರಿಗೂ ಕೇಳಿಸಿತು.
'ಹಾಗಾದರೆ ಐವತ್ತರವರೆಗೆ ಎಣಿಸುತ್ತೇನೆ.
ಉಳಿದದ್ದು ನೀವು ಕೊಟ್ಟ ಮೇಲೆ.'
ಯಾರೂ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ.
ಪಟ್ಟಿಯ ಕೊನೆಗೆ ಬರೆದೆ:
ಅಪ್ಪಿ ಪೂಜಾರ್ತಿ, ಐವತ್ತು.

ಹೊರಡುವಾಗ ಕತ್ತೆತ್ತಿ, ಅಕ್ಷರಕ್ಕೆ ಅಕ್ಷರ ಕೂಡಿಸಿ,
'ಹಂ... ಚಿ... ನ...
ಅಂತೂ ಹಂಚಿಗೂ ಒಂದು ಹಬ್ಬ ಮಾಡಿದಿರಿ.'
ಏಣಿಯ ಮೂರನೇ ಮೆಟ್ಟಿಲಲ್ಲಿ ನಾನು,
ಹಲ್ಲಿನ ನಡುವೆ 'ಅ' ಕಚ್ಚಿಕೊಂಡು.
ಮಾಸ್ಟ್ರ ಮುಖ ನೋಡಿದೆ.
ಮಾಸ್ಟ್ರು ಹೊಳೆ ನೋಡುತ್ತಿದ್ದರು.

ಇಳಿದೆ.
ಸ್ಟಿಕ್ಕರನ್ನು ಎಸೆಯುವ ಮನಸ್ಸಾಗಲಿಲ್ಲ, ದುಡ್ಡು ಕೊಟ್ಟದ್ದು.
ಕಾಲು ಸರಿಯಿಲ್ಲದ ಕೆಂಪು ಕುರ್ಚಿಯ ಬೆನ್ನಿಗೆ ಅಂಟಿಸಿ
ಸಾಲು ಹಾಕುವ ಹುಡುಗರಿಗೆ ಹೇಳಿದೆ:
'ಅ' ಅಂದರೆ, ಇದರಲ್ಲಿ ಕೂರುವಂತಿಲ್ಲ.
ಈಗ ಹನ್ನೆರಡು ಕಡಿಮೆ.